ಬರ್ತೀನಿ, ಬರಲಿದ್ದಾನೆ, ಬಂದಾನು: ಸ್ಪ್ಯಾನಿಷ್ ಭವಿಷ್ಯತ್ಕಾಲವೂ ನಮ್ಮ ಕಡೆಯ ಕನ್ನಡವೂ

(ಸೇಡಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಎಂಬುದು ಈ ಸೀಮೆಗೆ ಹೊಸತಲ್ಲ. ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯ 1058ರ ಶಾಸನ ಒಂದು ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯ ಲೆಕ್ಕ ಹೇಳುತ್ತದೆ. ಅಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಕರು. ಪಾಠದ ವಿಷಯಗಳಲ್ಲಿ ‘ನ್ಯಾಸ’ವೂ ಒಂದು, ಅಂದರೆ ವ್ಯಾಕರಣ. ಹಾಗಾಗಿ ವ್ಯಾಕರಣದ ಮಾತಿಗೆ ಸಭೆ ಸೇರಿಸುವುದು ಇಲ್ಲಿ ಸಾವಿರ ವರ್ಷದ ರೂಢಿ ಎಂದು ಧೈರ್ಯ ತಂದುಕೊಂಡು ನಿಂತಿದ್ದೇನೆ. ಇಂದಿನ ವ್ಯಾಕರಣ ಮಾತ್ರ ಸಂಸ್ಕೃತದ್ದಲ್ಲ, ಸ್ಪ್ಯಾನಿಷ್‌ನದು. ಅದರಲ್ಲೂ ಒಂದೇ ಕ್ರಿಯಾಪದ, ಅದರ ಒಂದೇ ಕಾಲ.

ಸೇಡಂನಲ್ಲಿ ಸ್ಪ್ಯಾನಿಷ್ ಯಾಕೆ ಎಂಬ ಪ್ರಶ್ನೆ ಮುಂದಿನ ಸಾಲಿನಲ್ಲೇ ಕೂತಿರುವುದು ನನಗೆ ಕಾಣುತ್ತಿದೆ. ಇಪ್ಪತ್ತು ದೇಶಗಳ ಆಡಳಿತ ಭಾಷೆ ಅದು. ವಾಡಿಯಲ್ಲಿ ಗಾಡಿ ಹತ್ತಿದರೆ ಮುಟ್ಟುವ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿಸುತ್ತಾರೆ. ಆ ವಾಡಿ–ಸಿಕಂದರಾಬಾದ್ ಹಳಿಯನ್ನು ನಿಜಾಮರ ಸರ್ಕಾರ 1874ರಲ್ಲೇ ಹಾಕಿಸಿಕೊಟ್ಟಿದೆ. ಸ್ಪೇನಿನಿಂದ ಬಂದ ವಿಸೆಂತೆ ಫೆರ್ರೇರ್ ಅವರು 1969ರಲ್ಲಿ ನೆಲೆನಿಂತ ಅನಂತಪುರದಲ್ಲಿ ಅವರು ಕಟ್ಟಿದ ಸಂಸ್ಥೆ ಹಳ್ಳಿಯ ಹುಡುಗ ಹುಡುಗಿಯರಿಗೆ ಈ ಭಾಷೆ ಹೇಳಿಕೊಡುತ್ತದೆ. ಅನಂತಪುರದ ಗಡಿಯಲ್ಲಿ ಕನ್ನಡ ಮಾತಾಡುವ ಊರುಗಳೆಷ್ಟಿವೆ ಎಂದು ನಿಮಗೆ ಗೊತ್ತು. ನಮ್ಮ ಮಕ್ಕಳು ಕಲಿಯಬೇಕೇ ಬೇಡವೇ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಕಲಿಯುವವರು ಕಲಿಯುತ್ತಾರೆ. ಅವರು ಅದನ್ನು ಯಾವ ಬಾಗಿಲಿನಿಂದ ಹೊಕ್ಕು ಕಲಿಯಬೇಕು ಎಂಬುದಷ್ಟೇ ನನ್ನ ವಿಷಯ. ಇಂಗ್ಲಿಷ್‌ನ ‘ವಿಲ್’ ಎಂಬ ಬಾಗಿಲು ತೀರ ಇಕ್ಕಟ್ಟು. ಚಿಂಚೋಳಿಯ ಮನೆಮಾತಿನ ಬಾಗಿಲು ಅದಕ್ಕಿಂತ ಅಗಲ. ಇದನ್ನು ತೋರಿಸಲು ಹೊರಟಿದ್ದೇನೆ.

ಒಂದು ಕ್ರಿಯಾಪದ ತೆಗೆದುಕೊಳ್ಳೋಣ. ‘ಬರು’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಬೆನಿರ್’. ಬರೆಯುವಾಗ ಮೊದಲ ಅಕ್ಷರ ‘ವ’, ನುಡಿಯುವಾಗ ‘ಬ’. ಇದು ನಮಗೆ ಪರಕೀಯವಲ್ಲ. ತಮಿಳರ ‘ವರು’ ನಮ್ಮಲ್ಲಿ ‘ಬರು’ ಆಗಿದೆ, ಅವರ ‘ವಾ’ ನಮ್ಮಲ್ಲಿ ‘ಬಾ’. ವಕಾರವನ್ನು ಬಕಾರ ಮಾಡಿದ್ದರಲ್ಲಿ ನಾವೂ ಸ್ಪೇನಿನವರೂ ಒಂದೇ ಚಾಳಿಯವರು. ಇನ್ನು ಭವಿಷ್ಯತ್ಕಾಲದ ರೂಪಗಳು: ನಾನು ಬರುವೆನು, ‘ಬೆಂದ್ರೇ’. ನೀನು ಬರುವೆ, ‘ಬೆಂದ್ರಾಸ್’. ಅವನು, ಅವಳು, ಅದು ಎಲ್ಲಕ್ಕೂ ‘ಬೆಂದ್ರಾ’. ನಾವು ‘ಬೆಂದ್ರೇಮೋಸ್’, ನೀವುಗಳು ‘ಬೆಂದ್ರೇಯ್ಸ್’, ಅವರು ‘ಬೆಂದ್ರಾನ್’. ಮೊದಲನೆಯ ರೂಪ ಕೇಳಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಹೌದು, ಸ್ಪ್ಯಾನಿಷ್‌ನವನು ‘ನಾನು ಬರುತ್ತೇನೆ’ ಎಂದರೆ ಸಾಧನಕೇರಿಯ ವರಕವಿಗಳ ಹೆಸರು ಹೇಳಿದಂತೆಯೇ ಕೇಳುತ್ತದೆ. ಒಂದೇ ವ್ಯತ್ಯಾಸ: ಒತ್ತು ಕೊನೆಯ ‘ದ್ರೇ’ ಮೇಲೆ ಬೀಳಬೇಕು. ಆ ಒತ್ತು ಅಲಂಕಾರಕ್ಕಲ್ಲ. ಬೇರೆ ಕ್ರಿಯಾಪದಗಳಲ್ಲಿ ಅದು ಜಾರಿದರೆ ಅರ್ಥವೇ ಬದಲಾಗುತ್ತದೆ. ‘ಅಬ್ಲರಾ’ ಎಂದು ಕೊನೆಗೆ ಒತ್ತಿದರೆ ‘ಮಾತಾಡುವನು’. ಒತ್ತು ನಡುವಿನ ‘ಬ್ಲ’ಕ್ಕೆ ಬಂದರೆ ‘ಮಾತಾಡಿದ್ದರೆ’ ಎಂಬಂಥ ಬೇರೊಂದು ರೂಪ. ನಮ್ಮ ಕಿವಿ ಒತ್ತಿಗೆ ಪಳಗಿಲ್ಲ, ಹ್ರಸ್ವ ದೀರ್ಘಕ್ಕೆ ಪಳಗಿದೆ. ಆದ್ದರಿಂದ ಮಕ್ಕಳಿಗೆ ಮೊದಮೊದಲು ದೀರ್ಘ ಹಾಕಿಯೇ ಬರೆಸಿದರೆ ಕೆಲಸ ಸಲೀಸು.

ಈ ಪ್ರತ್ಯಯಗಳನ್ನು ಒಮ್ಮೆ ಕಲಿತರೆ ಮುಗಿಯಿತು. ಸ್ಪ್ಯಾನಿಷ್ ಕ್ರಿಯಾಪದಗಳಲ್ಲಿ ಮೂರು ಗಣಗಳಿದ್ದರೂ ಭವಿಷ್ಯತ್ಕಾಲದಲ್ಲಿ ಮೂರಕ್ಕೂ ಇವೇ ಪ್ರತ್ಯಯ. ಧಾತು ಬಾಗುವುದು ಕೇವಲ ಒಂದು ಡಜನ್ ಕ್ರಿಯಾಪದಗಳಲ್ಲಿ. ‘ಬೆನಿರ್’ ಅವುಗಳಲ್ಲೊಂದು. ‘ಬೆನಿರೇ’ ಆಗಬೇಕಾದದ್ದು ಇಕಾರ ಕಳೆದುಕೊಂಡು, ನಕಾರ ರಕಾರಗಳ ನಡುವೆ ದಕಾರವೊಂದನ್ನು ತೂರಿಸಿಕೊಂಡು ‘ಬೆಂದ್ರೇ’ ಆಯಿತು. ನಮ್ಮ ‘ಬರು’ ಏನು ಕಡಿಮೆ? ಕರೆದರೆ ‘ಬಾ’, ಮುಗಿದರೆ ‘ಬಂದ’, ಮುಂದಕ್ಕೆ ‘ಬರುವ’, ಇಲ್ಲವೆಂದರೆ ‘ಬಾರ’. ದಿನವೂ ಬಾಯಲ್ಲಿ ಹೊರಳುವ ಪದಗಳೇ ಹೀಗೆ ಸವೆಯುವುದು, ಬಾಗುವುದು.

ಈಗ ಈ ‘ಏ, ಆಸ್, ಆ’ಗಳು ಎಲ್ಲಿಂದ ಬಂದವು ಎಂಬ ಕಥೆಗೆ ಬರುತ್ತೇನೆ. ನನಗೆ ಈ ವಿಷಯದಲ್ಲಿ ಅತಿ ಪ್ರಿಯವಾದದ್ದು ಇದು. ಹಳೆಯ ಲ್ಯಾಟಿನ್ ಭವಿಷ್ಯತ್ತಿಗೆ ‘ಬ’ ಪ್ರತ್ಯಯವಿತ್ತು. ‘ದಾಬೋ’ ಎಂದರೆ ಕೊಡುವೆನು. ನಮ್ಮ ಹಳಗನ್ನಡದ ಭವಿಷ್ಯತ್ತಿಗೆ ‘ವ’. ಈ ಸಾಮ್ಯ ಆಕಸ್ಮಿಕ. ಇದನ್ನು ಹಿಡಿದು ಲ್ಯಾಟಿನ್ ಕನ್ನಡದ ಮಗಳು ಎಂದು ಯಾರೂ ಪುಸ್ತಕ ಅಚ್ಚು ಹಾಕಿಸದಿರಲಿ. ಆ ‘ದಾಬೋ’ ಕ್ರಮೇಣ ಜನರ ಬಾಯಲ್ಲಿ ಸತ್ತಿತು. ಬದಲಿಗೆ ಅವರು ‘ಕೊಡಲು ಇದೆ ನನಗೆ’ ಎಂಬ ಅರ್ಥದಲ್ಲಿ ಧಾತುರೂಪಕ್ಕೆ ‘ಹಬೇಒ’ ಎಂಬ ಸಹಾಯಕ ಪದ ಸೇರಿಸಿ ಆಡತೊಡಗಿದರು. ಏಳನೆಯ ಶತಮಾನದಲ್ಲಿ ಫ್ರಾಂಕರ ನಾಡಿನಲ್ಲಿ ಬರೆದ, ಫ್ರೆದೆಗಾರ್ ಎಂಬವನ ಹೆಸರಿನಲ್ಲಿರುವ ವೃತ್ತಾಂತದಲ್ಲಿ ಒಂದು ಕಥೆಯಿದೆ. ಸೆರೆಸಿಕ್ಕ ಪರ್ಷಿಯಾದ ದೊರೆಗೆ ಚಕ್ರವರ್ತಿ ಜಸ್ಟಿನಿಯನ್ ಪ್ರಾಂತಗಳನ್ನು ಒಪ್ಪಿಸು ಎನ್ನುತ್ತಾನೆ. ಅವನು ‘ನೋನ್ ದಾಬೋ’, ಕೊಡೆನು ಎನ್ನುತ್ತಾನೆ. ಇವನು ‘ದಾರಾಸ್’, ಕೊಡುತ್ತೀ ಎನ್ನುತ್ತಾನೆ. ಅಲ್ಲೊಂದು ಊರಿಗೆ ದಾರಾ ಎಂಬ ಹೆಸರು ಬಂದದ್ದು ಹೀಗಂತೆ. ಊರಿನ ಹೆಸರಿನ ಮಟ್ಟಿಗೆ ಇದು ಶುದ್ಧ ಕಟ್ಟುಕಥೆ. ಆದರೆ ಒಂದೇ ಜಗಳದಲ್ಲಿ ಒಬ್ಬನ ಬಾಯಲ್ಲಿ ಸಾಯುತ್ತಿರುವ ಭವಿಷ್ಯತ್ತು, ಇನ್ನೊಬ್ಬನ ಬಾಯಲ್ಲಿ ಹುಟ್ಟುತ್ತಿರುವ ಭವಿಷ್ಯತ್ತು ದಾಖಲಾಗಿ ಹೋಗಿದೆ. ಇವತ್ತಿಗೂ ಸ್ಪ್ಯಾನಿಷ್‌ನಲ್ಲಿ ‘ನೀನು ಕೊಡುವೆ’ ಎನ್ನಲು ‘ದಾರಾಸ್’ ಎಂದೇ ಅನ್ನಬೇಕು.

ಎರಡು ಪದಗಳ ಈ ಬೆಸುಗೆ ಬಹಳ ಕಾಲ ಸಡಿಲವಾಗಿಯೇ ಇತ್ತು. ನಡುಗಾಲದ ಸ್ಪ್ಯಾನಿಷ್‌ನಲ್ಲಿ ಧಾತು ಮತ್ತು ಸಹಾಯಕ ಪದದ ನಡುವೆ ‘ನಿನಗೆ’, ‘ಅದನ್ನು’ ಎಂಬ ಸರ್ವನಾಮಗಳನ್ನು ತುರುಕುತ್ತಿದ್ದರು. ಪೋರ್ಚುಗೀಸರು ಬರಹದಲ್ಲಿ ಈಗಲೂ ಹಾಗೆ ಮಾಡುತ್ತಾರೆ. 1492ರಲ್ಲಿ ಸಲಮಾಂಕದಲ್ಲಿ ತನ್ನ ಭಾಷೆಯ ವ್ಯಾಕರಣವನ್ನು ಅಚ್ಚು ಹಾಕಿಸಿದ ಆಂತೋನಿಯೋ ದೆ ನೆಬ್ರೀಹಾ, ಇದು ಒಂದು ಪದವಲ್ಲ, ಎರಡು ಪದಗಳ ಕೂಡಿಕೆ ಎಂದು ಬಿಡಿಸಿ ತೋರಿಸಿದ. ಯುರೋಪಿನ ಆಡುನುಡಿಯೊಂದಕ್ಕೆ ಅಚ್ಚಾದ ಮೊದಲ ವ್ಯಾಕರಣ ಅದು ಎಂದು ಅವರು ಹೆಮ್ಮೆಪಡುತ್ತಾರೆ. ನಮ್ಮ ಕೇಶಿರಾಜ ಸುಮಾರು 1260ರಲ್ಲೇ, ಅಚ್ಚಿಲ್ಲದ ಕಾಲದಲ್ಲಿ, ಶಬ್ದಮಣಿದರ್ಪಣ ಬರೆದು ಮುಗಿಸಿದ್ದ.

ಕೇಶಿರಾಜ ಹೇಳುವ ಕನ್ನಡದಲ್ಲಿ ಮೂರು ಕಾಲಗಳು ಕಣ್ಣಿಗೆ ಕಾಣುವಂತೆ ಬೇರೆ ಬೇರೆ. ಬಂದೆಂ, ಬಂದಪೆಂ, ಬರ್ಪೆಂ. ದಕಾರ ಭೂತಕ್ಕೆ, ದಪ ವರ್ತಮಾನಕ್ಕೆ, ವಕಾರ ಅಥವಾ ಪಕಾರ ಭವಿಷ್ಯಕ್ಕೆ. ಇದಲ್ಲದೆ ‘ಕುಂ’ ಎಂಬ ಇನ್ನೊಂದು ರೂಪವಿತ್ತು: ಬರ್ಕುಂ, ಅಕ್ಕುಂ. ಮುಂದೆ ಆಗುವುದನ್ನೂ ಎಂದಿಗೂ ಆಗುತ್ತಿರುವುದನ್ನೂ ಅದು ಒಟ್ಟಿಗೆ ಹೇಳುತ್ತಿತ್ತು. ನಮ್ಮ ಕನ್ನಡ ಶಾಸನಗಳ ಕೊನೆ ನೋಡಿ. ಈ ದತ್ತಿಯನ್ನು ಕೆಡಿಸಿದವನು ಪಂಚಮಹಾಪಾತಕನಕ್ಕುಂ ಎಂದು ಶಾಪ ಹಾಕಿರುತ್ತಾರೆ. ಭೂಮಿ ಬಿಟ್ಟದ್ದು ಭೂತಕಾಲದಲ್ಲಿ, ಕಾಪಾಡುವ ಭಾರ ಪೂರ್ತಿ ಭವಿಷ್ಯತ್ತಿನಲ್ಲಿ. ದತ್ತಿಯ ಭಾಷೆಯೇ ಭವಿಷ್ಯತ್ಕಾಲ ಎನ್ನಬಹುದು. ಈ ದತ್ತಿಯ ವ್ಯವಸ್ಥಾಪಕರು ಗಾಬರಿಯಾಗಬೇಕಿಲ್ಲ.

ಆ ಮೂರು ಕಾಲಗಳಲ್ಲಿ ಇವತ್ತು ಎಷ್ಟು ಉಳಿದಿವೆ? ಶಾಲೆಯ ಪುಸ್ತಕ ಮೂರು ಎನ್ನುತ್ತದೆ: ಬಂದನು, ಬರುತ್ತಾನೆ, ಬರುವನು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಬಟ್ ಅವರು ಎರಡೇ ಎಂದರು, ಆದದ್ದು ಮತ್ತು ಆಗದೆ ಉಳಿದದ್ದು. ಅವರ ಎಷ್ಟೋ ವಾದಗಳ ಬಗ್ಗೆ ನನಗೆ ತಕರಾರಿದೆ, ಇದರ ಬಗ್ಗೆ ಇಲ್ಲ. ಶಹಾಬಾದಿನ ಫರಸಿ ಕಲ್ಲಿನ ಗಣಿಗೆ ಹೋಗಿ, ಚಿಂಚೋಳಿಯ ಸಂತೆಗೆ ಹೋಗಿ, ‘ನಾಳೆ ಬರುವೆನು’ ಎನ್ನುವ ಒಬ್ಬ ಮನುಷ್ಯನನ್ನು ಹುಡುಕಿ ತನ್ನಿ. ‘ನಾಳಿ ಬರ್ತೀನ್ರಿ’ ಎನ್ನುತ್ತಾರೆ. ದಿನಾ ಬರುವವನೂ ‘ಬರ್ತೀನಿ’, ನಾಳೆ ಬರುವವನೂ ‘ಬರ್ತೀನಿ’. ಗಡಿಯಾಚೆಯ ತಾಂಡೂರಿನ ತೆಲುಗಿನವರು ‘ರೇಪು ವಸ್ತಾನು’ ಎನ್ನುವಾಗಲೂ ಅದೇ ಕಥೆ. ಇಲ್ಲಿನ ದಖನಿಯವರು ‘ಆವೂಂಗಾ’ ಬಿಟ್ಟು ‘ಕಲ್ ಆತೂಂ’ ಎನ್ನುವುದನ್ನು ದಿನವೂ ಕೇಳುತ್ತೀರಿ. ಸ್ಪ್ಯಾನಿಷ್‌ನವರು ಕೂಡ ಖಚಿತವಾಗಿ ಬರುವುದಿದ್ದರೆ ‘ಮನ್ಯಾನಾ ಬೆಂಗೊ’ ಎನ್ನುತ್ತಾರೆ. ಪದಶಃ ಅದು ‘ನಾಳೆ ಬರುತ್ತೇನೆ’, ವರ್ತಮಾನ.

ಹಾಗಾದರೆ ಕಷ್ಟಪಟ್ಟು ಕಲಿತ ‘ಬೆಂದ್ರೇ’ ಯಾವಾಗ ಬೇಕು? ಇಲ್ಲಿ ನಮ್ಮ ಕನ್ನಡದ ಬೇರೆ ಭವಿಷ್ಯತ್ತುಗಳನ್ನು ಹರವಿಕೊಂಡು ನೋಡಬೇಕು.

ವಾಡಿ ಜಂಕ್ಷನ್ನಿನಲ್ಲಿ ನಿಂತು ಧ್ವನಿವರ್ಧಕ ಕೇಳಿ: ಗಾಡಿ ಕೆಲವೇ ನಿಮಿಷಗಳಲ್ಲಿ ‘ಬರಲಿದೆ’. ಪತ್ರಿಕೆ ತೆರೆಯಿರಿ: ಮಂತ್ರಿಗಳು ನಾಳೆ ಸೇಡಂಗೆ ‘ಬರಲಿದ್ದಾರೆ’. ಈ ‘ಬರಲಿದೆ’ಯನ್ನು ಬಿಡಿಸಿ. ಬರಲ್ ಎಂಬ ಧಾತುರೂಪ, ಅದರ ಬೆನ್ನಿಗೆ ಇದೆ ಎಂಬ ಸಹಾಯಕ. ‘ಬೆನಿರ್’ಗೆ ‘ಏ’ ಸೇರಿ ‘ಬೆಂದ್ರೇ’ ಆದದ್ದೂ ಇದೇ ಕಟ್ಟಡ! ಅವರ ಭಾಷೆಯಲ್ಲಿ ‘ಉಳ್ಳು’ ಎಂಬರ್ಥದ ಕ್ರಿಯಾಪದ ಇತ್ತು, ಅದನ್ನು ಬಳಸಿದರು. ನಮ್ಮಲ್ಲಿ ಅದಿಲ್ಲ, ‘ಇರು’ ಬಳಸಿದೆವು. ನಡತೆಯೂ ಒಂದೇ. ‘ಬರಲಿದ್ದೇನೆ’ ಎಂದು ಮನೆಯಲ್ಲಿ ಯಾರೂ ಅನ್ನುವುದಿಲ್ಲ. ಅದು ಪ್ರಕಟಣೆಯ, ಪತ್ರಿಕೆಯ, ವೇದಿಕೆಯ ಮಾತು. ‘ಬೆಂದ್ರಾ’ ಕೂಡ ಸ್ಪ್ಯಾನಿಷ್ ಪತ್ರಿಕೆಗಳಲ್ಲಿ ಮೆರೆಯುತ್ತದೆ, ಅಡುಗೆಮನೆಯಲ್ಲಿ ತಲೆ ತಗ್ಗಿಸುತ್ತದೆ. ಮನೆಯಲ್ಲಿ ಅವರು ಹೆಚ್ಚಾಗಿ ಹೇಳುವುದು ‘ಬೋಯ್ ಅ ಬೆನಿರ್’, ಬರುವುದಕ್ಕೆ ಹೋಗುತ್ತೇನೆ.

ಈ ಕೊನೆಯದನ್ನು ಹುಷಾರಾಗಿ ಹಿಡಿಯಬೇಕು. ನಮ್ಮಲ್ಲಿ ‘ಮಾಡಾಕ ಹೋದ’ ಎಂದರೆ ಮಾಡಲು ನೋಡಿದ, ಕೈಗೂಡಲಿಲ್ಲ ಎಂದರ್ಥ. ‘ಬರಾಕ ಹೋಗಬ್ಯಾಡ’ ಎಂದರೆ ಬರುವ ಗೊಡವೆಯೇ ಬೇಡ. ಅವರ ‘ಹೋಗು’ವಿನಲ್ಲಿ ಈ ವ್ಯಂಗ್ಯವಿಲ್ಲ. ಅದಕ್ಕೆ ಸರಿಯಾದ ಜೋಡಿ ನಮ್ಮ ಕಡೆಯ ‘ಬರಾಂವ ಇದ್ದೀನಿ’, ಹೆಣ್ಣುಮಗಳಾದರೆ ‘ಬರಾಕಿ ಇದ್ದೀನಿ’, ಬಹುವಚನಕ್ಕೆ ‘ಬರೋರ್ ಅದಾರ’. ಮನಸ್ಸು ಮಾಡಿ ಆಗಿದೆ, ಹೊರಡುವುದು ಬಾಕಿ. ಮರಾಠಿಯ ‘ಯೇಣಾರ್ ಆಹೆ’ ಇದರ ನೆರೆಮನೆಯದು. ಇದೇ ಸಾಲಿನಲ್ಲಿ ‘ನಂಗ ನಾಳಿ ಚಿತ್ತಾಪುರಕ ಹೋಗೋದದ’ ಎಂಬುದನ್ನೂ ಇಡಿ. ನನಗೆ ಹೋಗುವುದು ಇದೆ. ಲ್ಯಾಟಿನ್ ಆಡುತ್ತಿದ್ದ ಜನ ಹಳೆಯ ‘ಬೋ’ ಬಿಟ್ಟು ಹೊಸ ಭವಿಷ್ಯತ್ತು ಕಟ್ಟತೊಡಗಿದಾಗ ಅವರ ಮನಸ್ಸಿನಲ್ಲಿದ್ದದ್ದು ಇಂಥದೇ ಅರ್ಥ. ‘ವಿಲ್’ನಿಂದ ಹೊರಟವರಿಗೆ ಇದನ್ನು ವಿವರಿಸಲು ಒಂದು ತರಗತಿ ಬೇಕು. ಇಲ್ಲಿನ ಮಗುವಿಗೆ ಒಂದು ವಾಕ್ಯ ಸಾಕು.

ಈಗ ನಿಜವಾದ ಸಂಪತ್ತಿಗೆ ಬರೋಣ. ಸ್ಪ್ಯಾನಿಷ್ ಭವಿಷ್ಯತ್ಕಾಲ ಇವತ್ತು ಆಡುಮಾತಿನಲ್ಲಿ ಬದುಕಿರುವುದು ನಾಳೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಊಹೆಯನ್ನು ಹೇಳಲು. ಗಡಿಯಾರ ಇಲ್ಲದೆ ಹೊತ್ತು ಅಂದಾಜು ಮಾಡುವಾಗ ‘ಸೆರಾನ್ ಲಾಸ್ ದಿಯೆಸ್’ ಎನ್ನುತ್ತಾರೆ. ಪದಶಃ ‘ಹತ್ತು ಗಂಟೆ ಆಗುವುದು’, ಅರ್ಥದಲ್ಲಿ ‘ಹತ್ತು ಆಗಿದ್ದೀತು’. ಬಾಗಿಲು ಬಡಿದ ಸದ್ದಾದರೆ ‘ಕಿಯೆನ್ ಸೆರಾ’, ಯಾರಿದ್ದಾರು? ‘ಎಸ್ತರಾ ಎನ್ ಕಾಸಾ’, ಮನ್ಯಾಗ ಇದ್ದಾನು. ‘ಬೆಂದ್ರಾ ಕನ್ಸಾದೋ’, ದಣಿದು ಬಂದಾನು. ಆಗುವ ಹೊತ್ತು ಇದೇ ಕ್ಷಣ, ರೂಪ ಮಾತ್ರ ಭವಿಷ್ಯತ್ತು. ‘ವಿಲ್’ ಹಿಡಿದು ಓದಿದವರು ಇಲ್ಲಿ ಮುಗ್ಗರಿಸುತ್ತಾರೆ, ನಾಳೆಯ ಮಾತು ಎಂದುಕೊಳ್ಳುತ್ತಾರೆ. ವೆನೆಜುವೆಲದಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೇಸ್ ಬೆಯ್ಯೊ 1847ರ ತನ್ನ ವ್ಯಾಕರಣದಲ್ಲಿ ಈ ಬಳಕೆಯನ್ನು ಗುರುತಿಸಿ, ಕಾಲದ ರೂಪವನ್ನು ಕಾಲದ ಆಚೆಗೆ ಒಯ್ದ ಲಾಕ್ಷಣಿಕ ಪ್ರಯೋಗ ಎಂದು ವಿವರಿಸಿದ.

ನಮ್ಮ ಮಕ್ಕಳು ಇದನ್ನು ಎಂಟನೆಯ ತರಗತಿಯ ಹೊತ್ತಿಗೇ ಬಾಯಿಪಾಠ ಮಾಡಿರುತ್ತಾರೆ: ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ. ಬಂದೇನು, ಬಂದಾನು, ಬಂದಾಳು, ಬಂದೀತು. ಪರೀಕ್ಷೆಯಲ್ಲಿ ಅಂಕ ತೆಗೆದುಕೊಂಡು ಮರೆತುಬಿಡುತ್ತಾರೆ. ಅದು ಅಜ್ಜಿಯ ಬಾಯಲ್ಲಿ ದಿನವೂ ಕೇಳಿದ ರೂಪ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಇನ್ನೊಂದು ರೂಪವನ್ನಂತೂ ಪುಸ್ತಕ ಮುಟ್ಟುವುದೇ ಇಲ್ಲ. ‘ಗಾಡಿ ಇಷ್ಟೊತ್ತಿಗಿ ವಾಡಿ ಬಿಟ್ಟಿರ್ತದ’ ಎನ್ನುತ್ತೇವಲ್ಲ, ಅಲ್ಲಿನ ‘ಇರ್ತದ’ ನಾಳೆಯದಲ್ಲ, ದಿನನಿತ್ಯದ್ದೂ ಅಲ್ಲ, ಶುದ್ಧ ಅಂದಾಜು. ಸ್ಪ್ಯಾನಿಷ್‌ನಲ್ಲಿ ‘ಅಬ್ರಾ ಸಲಿದೋ’, ಹೊರಟಿರುತ್ತದೆ. ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ‘ಬಿಟ್ಟಿರ್ತದ’ದಲ್ಲಿ ನಂಬಿಕೆ ಜಾಸ್ತಿ, ‘ಬಿಟ್ಟಿದ್ದೀತು’ದಲ್ಲಿ ಅನುಮಾನ ಜಾಸ್ತಿ. ಊಹೆಯನ್ನು ಹೀಗೆ ಎರಡು ತೂಕದಲ್ಲಿ ಹೇಳುವ ಅನುಕೂಲ ಆ ಒಂದು ಸ್ಪ್ಯಾನಿಷ್ ರೂಪಕ್ಕಿಲ್ಲ.

ಎಲ್ಲ ಕಡೆಯೂ ಹೊಂದುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೋಡೆ ಹತ್ತಿದ ಹುಡುಗನಿಗೆ ನಾವು ‘ಬಿದ್ದೀಯಾ, ಹುಷಾರ್’ ಎನ್ನುತ್ತೇವೆ. ಸ್ಪೇನಿನ ತಾಯಿ ಅಲ್ಲಿ ಭವಿಷ್ಯತ್ತು ಬಳಸುವುದಿಲ್ಲ, ‘ಕೆ ತೆ ಕಾಯೆಸ್’ ಎಂದು ವರ್ತಮಾನದಲ್ಲೇ ಗದರುತ್ತಾಳೆ. ಕೂಗಿದರೆ ನಾವು ಎದ್ದೇಳುವ ಮೊದಲೇ ‘ಬಂದೆ, ಬಂದೆ’ ಎಂದು ಭೂತಕಾಲ ಹೇಳುತ್ತೇವೆ. ಅವರು ‘ಯಾ ಬೋಯ್’, ಇಗೋ ಹೋಗುತ್ತೇನೆ ಎನ್ನುತ್ತಾರೆ. ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನ್ರಿ’ ಅನ್ನಬೇಕು ಎಂಬ ನಮ್ಮ ಶಿಷ್ಟಾಚಾರವನ್ನು ಹಾಗೇ ‘ಬೆಂದ್ರೇ’ ಎಂದು ಒಯ್ದರೆ ಮೇಷ್ಟ್ರು ಯಾವಾಗ ಬರುತ್ತೀ ಎಂದು ಕಾಯುತ್ತಾ ಕೂತಾರು. ಅಲ್ಲಿ ಹೇಳಬೇಕಾದದ್ದು ‘ಮೆ ಬೋಯ್’. ನಿಷೇಧದಲ್ಲಿ ನಮಗೆ ಇನ್ನೂ ತೊಡಕು. ನಾ ಬರಂಗಿಲ್ಲ, ನೀ ಬರಂಗಿಲ್ಲ, ಆಕಿ ಬರಂಗಿಲ್ಲ; ಒಂದೇ ರೂಪದಲ್ಲಿ ಕೆಲಸ ಮುಗಿಸುವ ನಾವು ಅಲ್ಲಿ ಆರೂ ರೂಪಗಳ ಹಿಂದೆ ‘ನೋ’ ಇಟ್ಟು ಹೇಳಬೇಕು. ಅಭ್ಯಾಸ ಬೇಕಾದದ್ದು ಇಲ್ಲಿ.

ಗೌರವದ ಮಾತಿನಲ್ಲಿ ಮತ್ತೆ ನಮಗೇ ಲಾಭ. ಅವರ ‘ಉಸ್ತೇದ್’ ಎಂಬ ಮರ್ಯಾದೆಯ ಸರ್ವನಾಮ ‘ತಮ್ಮ ಕೃಪೆ’ ಎಂಬಂಥ ಹಳೆಯ ಸಂಬೋಧನೆಯಿಂದ ಸವೆದು ಬಂದದ್ದು. ಎದುರಿಗಿದ್ದವರಿಗೇ ಪ್ರಥಮಪುರುಷದ ಕ್ರಿಯಾಪದ ಹಚ್ಚುತ್ತದೆ. ‘ಬೆಂದ್ರಾ ಉಸ್ತೇದ್?’ ಇಂಗ್ಲಿಷ್‌ನವರಿಗೆ ಇದು ವಿಚಿತ್ರ. ಎದುರಿಗೆ ಕೂತ ಸ್ವಾಮಿಗಳಿಗೇ ‘ಅಪ್ಪಾರು ನಾಳಿ ಬರ್ತಾರೇನ್ರಿ?’ ಎಂದು ಕೇಳುವ ನಮಗೆ ಇದರಲ್ಲಿ ಏನು ವಿಚಿತ್ರ?

ಕೊನೆಯದಾಗಿ ಒಂದು ನಿಯಮ. ‘ಬಂದಾಗ’, ‘ಬಂದರೆ’ ಎಂಬ ಉಪವಾಕ್ಯಗಳಲ್ಲಿ ಸ್ಪ್ಯಾನಿಷ್ ಭವಿಷ್ಯತ್ತನ್ನು ಒಳಗೆ ಬಿಡುವುದಿಲ್ಲ. ‘ಕ್ವಾಂದೋ ಬೆಂಗಾ’ ಎಂಬಲ್ಲಿ ಬೇರೊಂದು ಅರ್ಥರೂಪ, ‘ಸಿ ಬಿಯೆನೆ’ ಎಂಬಲ್ಲಿ ವರ್ತಮಾನ. ಹಿಂದಿ ‘ಆಯೇಗಾ ತೋ’ ಎಂದು ಭವಿಷ್ಯತ್ತನ್ನು ಧಾರಾಳವಾಗಿ ಒಳಗೆ ಬಿಡುತ್ತದೆ, ಹಾಗಾಗಿ ಹಿಂದಿಯಿಂದ ಬಂದವರು ಇಲ್ಲಿ ತಪ್ಪು ಮಾಡುತ್ತಾರೆ. ಕನ್ನಡದಲ್ಲಿ ‘ನಾಳೆ ಬಂದರೆ’ ಎಂದು ನಾಳೆಯ ಮಾತಿಗೂ ಭೂತಕಾಲದ ಧಾತುವೇ. ಭವಿಷ್ಯತ್ತಿಗೆ ಅಲ್ಲಿ ಪ್ರವೇಶವಿಲ್ಲ ಎಂಬ ನಿಯಮ ನಮ್ಮ ಮಗುವಿಗೆ ತೊಟ್ಟಿಲಲ್ಲೇ ಗೊತ್ತು.

ಇಲ್ಲಿಂದ ಎರಡು ಹೆಜ್ಜೆ ದೂರದ ಮಳಖೇಡದಲ್ಲಿ, ಕಾಗಿಣಾ ದಂಡೆಯ ಮಾನ್ಯಖೇಟದ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗ ಬರೆದವನು ಕನ್ನಡಗಳು ಹಲವು ಎಂಬುದನ್ನು ಗಮನಿಸಿದ್ದ. ಆಮೇಲಿನ ಪಂಡಿತರು ಒಂದೇ ಕನ್ನಡ ಕಲಿಸಿದರು, ‘ಬರಾಂವ ಇದ್ದೀನಿ’ಯನ್ನು ತಪ್ಪು ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಈ ಸೀಮೆಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಆ ಗೆರೆ ಎಳೆಯುವ ಮುನ್ನ ಆ ರೂಪವನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳಿ: ಯಾರು, ಯಾವ ಊರಲ್ಲಿ, ಯಾವ ಸಂದರ್ಭದಲ್ಲಿ ಅಂದರು ಎಂದು. ಸಂಭಾವನಾರ್ಥದ ಪಾಠ ಮಾಡುವಾಗ ಪುಸ್ತಕದ ಉದಾಹರಣೆ ಬಿಟ್ಟು ಮಕ್ಕಳ ಮನೆಯ ಉದಾಹರಣೆಗಳನ್ನೇ ಹೇಳಿಸಿ. ಮುಂದೆ ಅವರಲ್ಲೊಬ್ಬರು ಹೈದರಾಬಾದಿಗೋ ಅನಂತಪುರಕ್ಕೋ ಹೋಗಿ ಸ್ಪ್ಯಾನಿಷ್ ತರಗತಿಯಲ್ಲಿ ಕೂತಾಗ, ಟಿಪ್ಪಣಿ ಪುಸ್ತಕದಲ್ಲಿ ‘ಸೆರಾ’ ಎಂಬುದರ ಮುಂದೆ ‘ವಿಲ್ ಬಿ’ ಎಂದು ಬರೆಯದೆ ‘ಇದ್ದಾನು’ ಎಂದು ಬರೆದುಕೊಳ್ಳುವಂತೆ ಈಗಲೇ ಹೇಳಿಕೊಡಿ.